ಎಡ ಹಿಂಬದಿಯ ಚುಕ್ಕಿ

ನಮ್ಮ ಮನೆಯ ಕುಕ್ಕರನ್ನು ಬೋರಲು ಹಾಕಿದರೆ ತಳದ ಎಡ ಅಂಚಿನಲ್ಲಿ ಎಳ್ಳುಕಾಳಿನಷ್ಟು ತಗ್ಗು ಕಾಣುತ್ತದೆ. ರೊಟ್ಟಿ ಹಂಚಿನ ಹಿಂದೆಯೂ ಅಂಥದೇ ಒಂದು ಚುಕ್ಕಿ ಇದೆ. ಇಸ್ತ್ರಿ ಪೆಟ್ಟಿಗೆಗಿದೆ, ಹಳೆಯ ಸೈಕಲ್ಲಿನ ಮಡ್‌ಗಾರ್ಡಿಗಿದೆ, ಬಚ್ಚಲಮನೆಯ ನಲ್ಲಿಗೂ ಇದೆ. ಕಳುವಾದರೆ ಗುರುತು ಹಿಡಿಯಲಿಕ್ಕೆ ಎಂದು ನೆರೆಮನೆಯವರು ತಿಳಿದುಕೊಂಡಿದ್ದರು. ಹಾಗಲ್ಲ. ಅದು ಅಪ್ಪ ಪಾಸು ಮಾಡಿದ ಗುರುತು.

ಅಪ್ಪ ಮರಾಠಿ ಸೀಮೆಯ ದೇಹೂ ರೋಡಿನಲ್ಲಿ ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುವ ಕಡೆ ಇನ್ಸ್‌ಪೆಕ್ಟರ್ ಆಗಿದ್ದ. ರಿಪೇರಿಯಾದ ಪ್ರತಿಯೊಂದು ಭಾಗವೂ ಅವನ ಮೇಜಿಗೆ ಬರುತ್ತಿತ್ತು. ಮೊದಲು ಕೈ, ಅಂದರೆ ಬೆರಳಿನಿಂದ ಸವರಿ ಎಲ್ಲಿ ಚೂಪು ಉಳಿದಿದೆ, ಎಲ್ಲಿ ಬಿರುಕು ಬಿಟ್ಟಿದೆ ನೋಡುವುದು. ಆಮೇಲೆ ಕಿವಿ. ತಿರುಗಿಸಿ ಸದ್ದು ಕೇಳುವುದು. ಕೊನೆಗೆ ಬೀಳು. ಸೊಂಟದ ಎತ್ತರದಿಂದ ಕೈಬಿಡುವುದು. ಮೂರನ್ನೂ ದಾಟಿದ ಮಾಲಿಗೆ ಜೇಬಿನಿಂದ ಪಂಚು ತೆಗೆಯುತ್ತಿದ್ದ. ಬೆರಳುದ್ದದ ಚೂಪಾದ ಉಕ್ಕಿನ ಕಡ್ಡಿ ಅದು. ಅದನ್ನು ಎಡ ಹಿಂಬದಿಯಲ್ಲಿಟ್ಟು ಒಂದೇ ಏಟು. ಗುಜರಿ ಎಂದು ಮೊದಲೇ ತೀರ್ಮಾನವಾದ ಮಾಲಿಗೆ ಮಾತ್ರ ಕೈ ಇಲ್ಲ, ಕಿವಿ ಇಲ್ಲ, ನೇರ ಬೀಳು. ಇದು ಅಲ್ಲಿಯ ನಿಯಮವೋ ಅವನೇ ಮಾಡಿಕೊಂಡ ಕಾಯಿದೆಯೋ ನನಗೆ ತಿಳಿಯದು. ಮನೆಯಲ್ಲಂತೂ ಅದೇ ಕಾಯಿದೆ ನಡೆಯಿತು.

ಅವ್ವ ಹಂಚು ತೊಳೆಯುವಾಗಲೆಲ್ಲ ಒಂದು ಮಾತು ಹೇಳುತ್ತಿದ್ದಳು. "ನನ್ನ ಬೆನ್ನ ಮ್ಯಾಲೂ ಎಲ್ಲೆರೆ ಹೊಡದಾರೇನು ನೋಡವಾ." ಹೇಳಿ ಹೇಳಿ ಒಂದು ದಿನ ತೀರಿಕೊಂಡಳು. ಹೊಡೆದಿರಲಿಲ್ಲ ಎಂದೇ ನನ್ನ ಅಂದಾಜು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮಲ್ಲಿ ಹೆಗ್ಗಣಕ್ಕೂ ಪರೀಕ್ಷೆ ಇತ್ತು. ಶಾಲೆಯಲ್ಲಿ ನಾನು ತಗಡು ಬಗ್ಗಿಸಿ ಊದಿನಕಡ್ಡಿಯ ಗೂಡು ಮಾಡಿದ್ದೆ, ನೇರ ಬೀಳು. ಕಾಲೇಜಿನಲ್ಲಿ ಮಾಡಿದ ಸ್ಟೂಲು, ನೇರ ಬೀಳು. ಎಂಜಿನಿಯರಿಂಗ್ ಓದಿ ಹಿಂಜವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನಾನು ಮಾಡುವುದು ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು. ರಕ್ತ ಎಲ್ಲಿ ಹೋಗುತ್ತದೆ! ನಾಲಿಗೆಯೂ ಅವನದೇ ಬಂದಿದೆ ಎಂದು ಆಫೀಸಿನ ಹುಡುಗಿಯರು ನನ್ನ ಬೆನ್ನ ಹಿಂದೆ ಹೇಳುವುದನ್ನು ಕೇಳಿದ್ದೇನೆ. ಅಪ್ಪನನ್ನು ನೋಡದೆಯೇ ಹೇಳಿದ್ದರು, ಪಾಪ. ನನ್ನ ಮದುವೆ ಮುರಿದು ಪೆಟ್ಟಿಗೆ ಹಿಡಿದು ವಾಪಸು ಬಂದ ದಿನ ಅಪ್ಪ ಬಾಗಿಲು ತೆರೆದು ಕೇಳಿದ್ದು ಇಷ್ಟೇ: "ಯಾಕ, ಗ್ಯಾರಂಟಿ ಮುಗದಿತ್ತೇನು?"

ಅಂದಿನಿಂದ ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿ ಒಬ್ಬರನ್ನೊಬ್ಬರು ಕುಟುಕುತ್ತ ಬದುಕಿದ್ದೇವೆ. ಈಚೆಗೆ ಅವನ ಕಣ್ಣು ಹೋಗುತ್ತ ಬಂತು. ಒಪ್ಪಿಕೊಳ್ಳುವ ಜಾತಿಯಲ್ಲ. ಸದಾಶಿವ ಪೇಠದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ನಮ್ಮ ಮುಂದಿನ ರೋಗಿ ಗೋಡೆಯ ಮೇಲಿನ ಅಕ್ಷರಗಳನ್ನು ಓದುವುದನ್ನು ಹೊರಗಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡು ಬಾಯಿಪಾಠ ಮಾಡಿದ. "ಕಾಕಾ, ದಿಸ್ತಂಯ್ ಕಾ?" ಎಂದು ಡಾಕ್ಟರು ಕೇಳಿದರೆ, ಕಾಣದೆ ಏನು ಎಂಬ ಧಾಟಿಯಲ್ಲಿ ಕೊನೆಯ ಸಾಲಿನವರೆಗೆ ಒಪ್ಪಿಸಿಬಿಟ್ಟ. ಡಾಕ್ಟರು ಆ ಹೊತ್ತಿಗೆ ಬೋರ್ಡು ಬದಲಿಸಿದ್ದರು. ನಾನು ಅಲ್ಲೇ ಜೋರಾಗಿ ನಕ್ಕೆ.

ಆದರೆ ಅವನ ಕೈ ಇತ್ತು. ಕಣ್ಣು ಹೋದ ಮೇಲೆ ಅದು ಇನ್ನೂ ಚುರುಕಾಯಿತು. ರೊಟ್ಟಿಯ ಅಂಚು ಮುಟ್ಟಿ ಎಲ್ಲಿ ಹಸಿ ಉಳಿದಿದೆ ಹೇಳುತ್ತಿದ್ದ. ಗೋಡೆ ಸವರುತ್ತ ಇಡೀ ಮನೆ ಓಡಾಡುತ್ತಿದ್ದ. ತಾನೇ ಗಡ್ಡ ಮಾಡಿಕೊಳ್ಳುತ್ತಿದ್ದ, ಗಾಯವಿಲ್ಲದೆ. ಕೈ ಇರುವ ತನಕ ಅವನು ಇನ್ಸ್‌ಪೆಕ್ಟರೇ.

ಹೀಗಿರುವಾಗ ನನಗೆ ಗಾಡಿಯ ಹುಚ್ಚು ಹತ್ತಿತು. ಆಫೀಸಿನ ಕ್ಯಾಬಿನಲ್ಲಿ ನನ್ನ ಪಕ್ಕ ಕೂರುವವನು ಬೆಂಗಳೂರಿನ ಒಬ್ಬ ಬೋಳುತಲೆಯ ಸಹೋದ್ಯೋಗಿ. ಅವನ ತೊಡೆಯ ಮೇಲೆ ಒಂದು ದಿನ ಅಂಗೈ ಅಗಲದ ಜೀಪು ಇತ್ತು. ಕೈಯಲ್ಲಿ ರಿಮೋಟು. ಮಕ್ಕಳಿಗಾ ಎಂದು ಕೇಳಿದೆ. ಅವನಿಗೆ ಬೇಸರವಾಯಿತು.

"ಮೇಡಂ, ಇದು ಟಾಯ್ ಅಲ್ಲ. ರಾಕ್ ಕ್ರಾಲರ್. ಫಾಸ್ಟಾಗಿ ಓಡಲ್ಲ, ಬಂಡೆ ಹತ್ತುತ್ತೆ. ಸಂಡೇ ಬನ್ನಿ, ತೋರಿಸ್ತೀನಿ."

ಹೋದೆ. ದೇಹೂ ರೋಡಿನ ಆಚೆ ಒಂದು ಗುಡ್ಡದ ಬುಡದಲ್ಲಿ, ಕರಿಬಂಡೆಗಳ ನಡುವೆ, ವಯಸ್ಸಾದ ಗಂಡಸರು ಕುಕ್ಕುರುಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದಿದ್ದರು. ಪುಟ್ಟ ಗಾಡಿ ಇರುವೆಯ ಹಾಗೆ ಬಂಡೆಯನ್ನು ತಡವಿ ತಡವಿ ಏರುತ್ತಿತ್ತು. ಯಾರಿಗೂ ಅವಸರವಿಲ್ಲ. ಅವರಲ್ಲಿ ಒಂದು ಕಟ್ಟಳೆ ಇದೆ, ಮಗುಚಿದ ಗಾಡಿಯನ್ನು ಕೈಯಿಂದ ಎತ್ತಬಾರದು. ಚಕ್ರ ತಿರುಗಿಸಿ, ಹೊರಳಾಡಿಸಿ, ಅದೇ ಏಳಬೇಕು. ಎದ್ದ ಮೇಲೂ ಯಾರೂ ಭೇಷ್ ಎನ್ನುವುದಿಲ್ಲ. ನನಗೆ ಈ ನಿರ್ದಯತೆ ಬಹಳ ಹಿಡಿಸಿತು.

ಅಂಗಡಿಯ ಗಾಡಿ ಬೇಡ, ನಾನೇ ಕಟ್ಟುತ್ತೇನೆ ಎಂದು ಹಟ ಹಿಡಿದೆ. ಅಲ್ಯೂಮಿನಿಯಂ ಹಾಳೆ ಕೊಯ್ದು ಗಾಡಿಯ ಅಡಿಗಟ್ಟು, ಅಂದರೆ ಚಾಸಿ ಮಾಡಿದೆ. ಅಚ್ಚು, ಪುಟ್ಟ ಮೋಟಾರು, ರಬ್ಬರು ಚಕ್ರ ತರಿಸಿದೆ. ಊಟದ ಮೇಜೇ ವರ್ಕ್‌ಶಾಪಾಯಿತು. ಅಪ್ಪ ಒಳಗಿನ ಕೋಣೆಯಿಂದ ಪ್ರತಿ ಸದ್ದಿಗೂ ಕೆಮ್ಮುತ್ತಿದ್ದ. ಮೊದಲ ಸಲ ಬ್ಯಾಟರಿ ಸಿಕ್ಕಿಸಿ ರಿಮೋಟು ಒತ್ತಿದಾಗ ಗಾಡಿ ಮುಂದೂ ಹೋಗಲಿಲ್ಲ, ಹಿಂದೂ ಹೋಗಲಿಲ್ಲ; ನಿಂತಲ್ಲೇ ನಿಂತು ಕರಕರ ಹಲ್ಲು ಕಡಿಯಿತು. ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದ್ದೆ. ಹಿಂದಿನ ಅಚ್ಚಿನ ಗೇರುಪೆಟ್ಟಿಗೆಯನ್ನು ತಲೆಕೆಳಗಾಗಿ ಕೂರಿಸಿದ್ದೆ. ಮುಂದಿನ ಚಕ್ರ ಮುಂದಕ್ಕೆ, ಹಿಂದಿನ ಚಕ್ರ ಹಿಂದಕ್ಕೆ.

ಅಪ್ಪ ಸದ್ದು ಕೇಳಿಯೇ ಹಿಡಿದುಬಿಟ್ಟ. ಗೋಡೆ ಸವರುತ್ತ ಬಂದು ನಗತೊಡಗಿದ.

"ಒಂದು ಆ ಕಡೆ ಜಗ್ಗತದ, ಒಂದು ಈ ಕಡೆ ಜಗ್ಗತದ. ನಿನ್ನ ಲಗ್ನಧಂಗ ಆತು ನೋಡು."

ನಗು ಬಂದರೂ ನಾನು ನಗಲಿಲ್ಲ. ಗೇರುಪೆಟ್ಟಿಗೆ ತಿರುಗಿಸಿ ಕೂರಿಸಿದೆ. ಗಾಡಿ ಓಡಿತು, ದಿಂಬುಗಳ ರಾಶಿ ಹತ್ತಿತು. ಆ ಖುಷಿಯಲ್ಲಿ ಬುದ್ಧಿಗೆಟ್ಟು ಅಪ್ಪನ ಕೈಗೆ ಕೊಟ್ಟೆ.

"ಯಾರು ಮಾಡಿದ್ದಿದು?"

"ನಾನ."

ಅವನ ಬೆರಳು ಅಲುಗಲೂ ಇಲ್ಲ. ಸವರಲಿಲ್ಲ, ಕಿವಿಗೆ ಹಿಡಿಯಲಿಲ್ಲ. ಸೊಂಟದ ಎತ್ತರಕ್ಕೆ ಎತ್ತಿ ಕೈಬಿಟ್ಟ. ಚಾಸಿ ಬಗ್ಗಿತು, ಸ್ಟೀರಿಂಗಿನ ತೋಳು ಮುರಿಯಿತು, ಒಂದು ಚಕ್ರ ಸೋಫಾದ ಅಡಿಗೆ ಉರುಳಿತು.

"ಬೀಳಾಕಂತೂ ಬರತದ ಇದಕ್ಕ," ಎಂದು ಹೇಳಿ ಒಳಗೆ ಹೋದ.

ಮರುದಿನ ನಾನು ಅವನ ಕುರ್ಚಿಯನ್ನು ಒಂದು ಗೇಣು ಸರಿಸಿಟ್ಟೆ. ಮೊಣಕಾಲಿಗೆ ಬಡಿಯಿತು. "ಕಣ್ಣು ಕಾಣ್ತಾವಲಾ ನಿನಗ, ನೋಡಿ ನಡೀಬೇಕಪ್ಪಾ," ಎಂದೆ. ಗಾಡಿಗೆ ಬದಲು ಮೊಣಕಾಲು, ಲೆಕ್ಕ ಸರಿಹೋಯಿತು.

ಆದರೆ ಲೆಕ್ಕ ಸರಿಹೋಗಿರಲಿಲ್ಲ. ನನಗೆ ಆ ಚುಕ್ಕಿ ಬೇಕಾಗಿತ್ತು. ಐವತ್ತರ ಹೊಸ್ತಿಲಲ್ಲಿರುವ ಹೆಂಗಸಿಗೆ ಎಳ್ಳುಕಾಳಿನಷ್ಟು ತಗ್ಗು ಬೇಕಾಗಿತ್ತು ಎಂದರೆ ನಗುವವರು ನಗಲಿ. ಕುಕ್ಕರಿಗೆ ಸಿಕ್ಕಿದ್ದು, ಬಚ್ಚಲ ನಲ್ಲಿಗೆ ಸಿಕ್ಕಿದ್ದು ನನ್ನ ಕೈಯ ಒಂದೇ ಒಂದು ಕೆಲಸಕ್ಕೆ ಸಿಗಬೇಕು, ಅವನು ಸಾಯುವುದರೊಳಗೆ. ನನ್ನ ಹೆಸರು ಕೇಳಿದ ಕೂಡಲೇ ಅವನ ಬೆರಳು ಕಲ್ಲಾಗುತ್ತದೆ ಎಂದಾದರೆ ಹೆಸರನ್ನೇ ಹೇಳಬಾರದು.

ದಾರಿ ತಾನಾಗಿ ತೆರೆಯಿತು. ಒಂದು ಸಂಜೆ ಸಹೋದ್ಯೋಗಿ ನಮ್ಮ ಮನೆಗೆ ಬಂದು ತಂತಿ ಬೆಸೆಯುವ ತನ್ನ ಸೋಲ್ಡರಿಂಗ್ ಕಡ್ಡಿ ಕೊಟ್ಟು ಹೋದ. ಅಪ್ಪನಿಗೆ ಗಂಡಸಿನ ದನಿ ಕೇಳಿಸಿತು, ಅಷ್ಟು ಸಾಕಾಯಿತು. ಮರುದಿನ ಮೇಜಿನಲ್ಲಿ ಲೋಹ ಉಜ್ಜುವ ಕಾನಸಿನ ಸದ್ದು ಕೇಳಿ ವಿಚಾರಿಸಿದ, "ಆ ಹುಡುಗನ ಗಾಡಿ ಎಲ್ಲೀತನಕಾ ಬಂತು?"

ನಾನು ತಿದ್ದಲಿಲ್ಲ. "ನಡದದ," ಎಂದೆ. ಸುಳ್ಳಲ್ಲ, ನಡೆದೇ ಇತ್ತು.

ಎರಡನೆಯ ಗಾಡಿಯನ್ನು ನಾನು ಬಂಡೆಗಾಗಿ ಕಟ್ಟಲಿಲ್ಲ, ಅಪ್ಪನ ಬೆರಳಿಗಾಗಿ ಕಟ್ಟಿದೆ. ದಪ್ಪ ಹಾಳೆಯ ಚಾಸಿ. ಪ್ರತಿ ಅಂಚನ್ನೂ ಕಾನಸಿನಿಂದ ಉಜ್ಜಿ, ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ಕೆನ್ನೆಗೆ ಸವರಿಕೊಂಡು ನೋಡಿದೆ. ಗಾಡಿ ಮಗುಚಬಾರದೆಂದರೆ ಭಾರ ಕೆಳಗಿರಬೇಕು, ಅದಕ್ಕೆ ಚಕ್ರಗಳ ಒಳಗೆ ಹಿತ್ತಾಳೆಯ ಬಳೆ ಕೂರಿಸಿದೆ. ಗೇರಿನ ಸದ್ದು ತೆಳುವಾಗುವ ತನಕ ಬಿಚ್ಚಿದೆ, ಕಟ್ಟಿದೆ, ಬಿಚ್ಚಿದೆ. ಮೇಲಿನ ಮೈಗೆ ಜೀಪು ಬೇಡವೆಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸೈನ್ಯದ ಹಳೆಯ ಟ್ರಕ್ಕನ್ನು ಮಾಡಿದೆ. ಮೊಂಡು ಮೂಗಿನ, ಬೆನ್ನಿಗೆ ಕ್ಯಾನ್ವಾಸಿನ, ಅಪ್ಪ ನೌಕರಿಯುದ್ದಕ್ಕೂ ತಡವಿದ ಟ್ರಕ್ಕು. ಮೀನು ಹಿಡಿಯುವವರು ಗಾಳಕ್ಕೆ ಮೀನಿಗೆ ಬೇಕಾದ್ದನ್ನೇ ಸಿಕ್ಕಿಸುತ್ತಾರೆ. ಚಾಸಿಯ ಎಡ ಹಿಂಬದಿಯಲ್ಲಿ ಬಣ್ಣ ಬಳಿಯದೆ ಉಗುರಗಲ ಬರೀ ಲೋಹ ಉಳಿಸಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನೇ ಗುಡ್ಡಕ್ಕೆ ಬರುತ್ತೇನೆಂದ. "ಆ ಹುಡುಗನ ಗಾಡಿ ನೋಡೂಣು." ಜುಬ್ಬಾದ ಜೇಬನ್ನು ಮುಟ್ಟಿಕೊಂಡ. ಪಂಚು ಅಲ್ಲಿತ್ತು.

ಬಂಡೆಯ ಮೇಲೆ ಅವನನ್ನು ಕೂರಿಸಿದೆ. ರಿಮೋಟನ್ನು ಸಹೋದ್ಯೋಗಿಯ ಕೈಗೆ ತುರುಕಿ, ನೀವೇ ಓಡಿಸಿ ಎಂದೆ. ಅವನಿಗೆ ಏನೂ ಗೊತ್ತಿರಲಿಲ್ಲ, ಓಡಿಸಿದ. ಗಾಡಿ ಏರಿತು. ಅಪ್ಪ ತಲೆ ವಾಲಿಸಿ ಚಕ್ರ ಕಲ್ಲನ್ನು ಕಚ್ಚುವ ಸದ್ದು ಕೇಳುತ್ತಿದ್ದ. ವಾಕಿಂಗಿಗೆ ಬಂದ ಒಬ್ಬರು ನಿಂತು, "ಆಜೋಬಾ, ನಾತವಾಚಂ ಖೇಳ್ಣಂ ಕಾ?" ಎಂದು ಮೊಮ್ಮಗನ ಆಟಿಕೆಯೇ ಎಂದು ವಿಚಾರಿಸಿದರು. ಅಪ್ಪ ಮುಖ ಸಿಂಡರಿಸಿ ಅವರಿಗೆ ಮರಾಠಿಯಲ್ಲೇ ಕೊಟ್ಟ: "ಖೇಳ್ಣಂ ನಾಹೀ. ಗಾಡೀ ಆಹೇ." ಆಟಿಕೆಯಲ್ಲ, ಗಾಡಿ.

ಆಮೇಲೆ ಗಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆರಳುಗಳು ಮೂಗಿನಿಂದ ಹೊರಟು, ಕ್ಯಾನ್ವಾಸು ದಾಟಿ, ಹೊಟ್ಟೆಯ ಕೆಳಗೆ ಹೊಕ್ಕು, ಒಂದೊಂದು ಅಂಚನ್ನೂ ಹಿಡಿದು ನೋಡಿದವು. ಅಷ್ಟು ಹೊತ್ತು, ಅಷ್ಟು ಮೆಲ್ಲಗೆ ಅವನು ಯಾವುದನ್ನಾದರೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ನನ್ನ ತಲೆಯನ್ನಂತೂ ಹಾಗೆ ಮುಟ್ಟಿದ ನೆನಪಿಲ್ಲ. ಚಕ್ರವನ್ನು ಕಿವಿಗೆ ಹಿಡಿದು ತಿರುಗಿಸಿದ. ಎದ್ದು ನಿಂತ. ಸೊಂಟದ ಎತ್ತರದಿಂದ ಕರಿಬಂಡೆಯ ಮೇಲೆ ಬಿಟ್ಟ. ಸಹೋದ್ಯೋಗಿ "ಅಯ್ಯೋ ಸಾರ್!" ಎಂದು ಕೂಗಿದ. ಗಾಡಿ ಪುಟಿದು, ಒಂದು ಸಲ ಹೊರಳಿ, ನಾಲ್ಕೂ ಚಕ್ರದ ಮೇಲೆ ನಿಂತಿತು.

ಅಪ್ಪ ಕೂತು, ಕಾಲ ಬಳಿ ತಡವಿ ಒಂದು ಕಲ್ಲು ಹೆಕ್ಕಿಕೊಂಡ. ಎಡ ಹಿಂಬದಿ ಹುಡುಕಿ ಪಂಚು ಇಟ್ಟ. ಒಂದೇ ಏಟು.

"ಭಾಳ ಚಲೋ ಮಾಡೀರಿ," ಎಂದು ಸಹೋದ್ಯೋಗಿಯ ಕಡೆ ಮುಖ ತಿರುಗಿಸಿದ. "ಇಂಥಾ ಕೈ ನೋಡಿ ಭಾಳ ವರ್ಷ ಆಗಿತ್ರಿ."

ಸುಮ್ಮನಿರಬಹುದಿತ್ತು. ಚುಕ್ಕಿ ಬಿದ್ದಿತ್ತು, ಅದನ್ನು ಯಾರೂ ಅಳಿಸಲಾರರು. ಆದರೆ ನಾನೂ ಅವನ ಮಗಳೇ ಅಲ್ಲವೇ? ಗೆದ್ದಿದ್ದು ಸಾಲದು, ಸೋತವನಿಗೆ ಅದು ಗೊತ್ತಾಗಬೇಕು. ನಗುತ್ತಲೇ ಹೇಳಿದೆ: "ಅಪ್ಪಾ, ಅದನ್ನ ಮಾಡಿದಾಕಿ ನಾನು."

"ಹೌದು ಸಾರ್, ಫುಲ್ ಮೇಡಮ್ಮೇ ಮಾಡಿದ್ದು," ಎಂದ ಸಹೋದ್ಯೋಗಿ. "ನಾನು ಸೋಲ್ಡರಿಂಗ್ ಐರನ್ ಕೊಟ್ಟೆ, ಅಷ್ಟೇ."

ಅಪ್ಪ ಚುಕ್ಕಿಯ ಮೇಲೆ ಬೆರಳಿಟ್ಟು ಕೂತ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಕೊಡಲು ನನ್ನ ಹತ್ತಿರ ಉತ್ತರವಿತ್ತು. ಒಂದು ಅರೆ ಕ್ಷಣ, ಭೇಷ್ ಎಂದೂ ಎನ್ನಬಹುದು ಎಂದುಕೊಂಡೆ. ಅವನು ಹೇಳಿದ್ದು ಬೇರೆ.

"ಕಣ್ಣು ಹೋಗಿ ಭಾಳ ದಿನಾ ಆತು. ಇನ್ನ ಕೈನೂ ಹೋದೂ."

ಪಂಚನ್ನು ಮುಂದೆ ಚಾಚಿದ. ನನ್ನ ಕಡೆಗಲ್ಲ. ಸಹೋದ್ಯೋಗಿಯ ದನಿ ಬಂದ ದಿಕ್ಕಿಗೆ. "ತಗೋರಿ, ನಿಮ್ಮ ಕಡೆ ಇರಲಿ. ನನಗಿನ್ನ ಇದರ ಕೆಲಸ ಇಲ್ಲ." ಆ ಬೋಳುತಲೆಯವನು ನನ್ನ ಮುಖ ನೋಡಿದ, ಪಂಚು ನೋಡಿದ, ಗತಿಯಿಲ್ಲದೆ ತೆಗೆದುಕೊಂಡ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಕೆಲಸ ಚೆನ್ನಾಗಿದೆ ಎಂದು ಒಪ್ಪುವುದಕ್ಕಿಂತ ತನ್ನ ಕೈಯೇ ಸತ್ತಿತು ಎಂದು ಒಪ್ಪುವುದು ಅವನಿಗೆ ಸುಲಭವಾಯಿತು. ಎಂಥ ದ್ವೇಷ ಇದು ಎಂದು ರಿಕ್ಷಾದಲ್ಲಿ ನನ್ನ ಮೈ ಉರಿಯುತ್ತಿತ್ತು. ಸಾಯಲಿ, ಕೈ ಹೋದರೆ ಹೋಗಲಿ ಎಂದುಕೊಂಡೆ.

ಹೋಯಿತು. ಮೊದಮೊದಲು ನಾಟಕವೆಂದುಕೊಂಡೆ. ಊಟಕ್ಕೆ ಕೂತರೆ ಸಾರಿನ ಬಟ್ಟಲು ಉರುಳಿಸಿದ. ಗೋಡೆ ಸವರುವುದನ್ನು ಬಿಟ್ಟ, ಬಚ್ಚಲಿಗೆ ಹೋಗಲು ನನ್ನನ್ನು ಕರೆಯತೊಡಗಿದ. ಗಡ್ಡ ಬೆಳೆಯಿತು. ರೊಟ್ಟಿ ಕೊಟ್ಟರೆ ಅಂಚು ಮುಟ್ಟುತ್ತಿರಲಿಲ್ಲ, ಮುರಿದು ಕೊಟ್ಟದ್ದನ್ನು ನುಂಗುತ್ತಿದ್ದ. ಕೈಗಳು ತೊಡೆಯ ಮೇಲೆ ಹಿಂಡಿಟ್ಟ ಬಟ್ಟೆಯಂತೆ ಬಿದ್ದಿರುತ್ತಿದ್ದವು. ಕೆಣಕಿ ನೋಡಿದೆ. ಬೇಕೆಂದೇ ಉಪ್ಪಿಲ್ಲದ ಸಾರು ಮಾಡಿದೆ. "ಚಲೋ ಆಗೇದ," ಎಂದ. ಆ ಮನೆಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಉಪ್ಪಿಲ್ಲದ ಸಾರಿಗೆ. ನನಗೆ ಭಯವಾಯಿತು. ಹಲ್ಲು ಕಿತ್ತ ಹಾವಿನ ಜೊತೆ ಇರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತವನು ತಲೆಯೆತ್ತಿದ.

"ಖರೇ ಹೇಳು. ಆ ಗಾಡಿ ನೀ ಮಾಡಿಲ್ಲಲಾ?"

ನಾನು ಸೌಟು ಹಿಡಿದೇ ನಿಂತೆ. ಜನ್ಮದಲ್ಲಿ ಮೊದಲ ಸಲ ಅಪ್ಪ ನನ್ನ ಹತ್ತಿರ ಏನನ್ನೋ ಬೇಡುತ್ತಿದ್ದ. ಗಾಡಿ ಕಪಾಟಿನ ಮೇಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಅವನ ಎದುರಿಗೇ ಬಿಚ್ಚಿ, ಒಂದೊಂದು ತಿರುಪನ್ನೂ ಅವನ ಅಂಗೈಯಲ್ಲಿಟ್ಟು, ಮತ್ತೆ ಕಟ್ಟಿ ತೋರಿಸಬಹುದಿತ್ತು. ತೋರಿಸಬೇಕೆಂದು ಕೈ ತುರಿಸಿತು. ತೋರಿಸಿದರೆ ಚುಕ್ಕಿ ನನ್ನದಾಗಿ ಉಳಿಯುತ್ತದೆ, ಆ ಎರಡು ಕೈ ತೊಡೆಯ ಮೇಲೆಯೇ ಕೊಳೆಯುತ್ತವೆ.

ಕರುಣೆ ಎಂದು ಯಾರೂ ತಿಳಿಯಬೇಡಿ. ಕೈ ಸತ್ತ ಮುದುಕನಿಗೆ ತುತ್ತು ಕೊಡುವುದಕ್ಕಿಂತ ಬಾಯಿ ಬದುಕಿರುವ ಮುದುಕನ ಮಾತು ತಿನ್ನುವುದು ನನಗೆ ರೂಢಿ.

"ಇಲ್ಲಪ್ಪಾ. ಅವರ ಮಾಡ್ಯಾರ. ನಾ ಸುಮ್ಮನ ಅಂದೆ."

ಅಪ್ಪ ಉಸಿರು ಬಿಟ್ಟ. ಬೆನ್ನು ನೆಟ್ಟಗಾಯಿತು. "ಗೊತ್ತಿತ್ತು ನನಗ," ಎಂದ. "ನಿನ್ನ ಕೈಲೆ ಎಲ್ಲಿ ಆಗತದ ಅದು. ನಾಳೆ ಆ ಹುಡುಗನ ಕಡಿಂದ ನನ್ನ ಪಂಚು ಇಸಕೊಂಡ ಬಾ."

ಬಲಗೈ ತೊಡೆ ಬಿಟ್ಟು ಎದ್ದಿತು. ತಟ್ಟೆಯನ್ನು ಹುಡುಕಿತು, ರೊಟ್ಟಿಯನ್ನು ಹುಡುಕಿತು, ಅಂಚಿನುದ್ದಕ್ಕೂ ಒಂದು ಸುತ್ತು ಬಂದಿತು.

"ಈ ಕಡೆ ಹಸಿ ಅದ. ಇನ್ನರ ಕಲಿ."

ರೊಟ್ಟಿ ಸುತ್ತಲೂ ಬೆಂದಿತ್ತು. ನಾನು ಅದನ್ನು ಎತ್ತಿಕೊಂಡು ಮತ್ತೆ ಹಂಚಿಗೆ ಹಾಕಿದೆ.